ಸ್ಲಿಮ್ ಎಂದು ಬರೆದವಳು ನಾನೇ

ನನ್ನ ತಂಗಿಗೆ ಗಂಡು ಹುಡುಕುತ್ತಿದ್ದ ಕಾಲ. 1984ನೆಯ ಇಸವಿ. ನಾನಾಗ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಲು ಸೇರಿ ವರ್ಷವಾಗಿತ್ತಷ್ಟೆ. ನನ್ನ ಮದುವೆ ಗೊತ್ತಾಗಿ ಮುಹೂರ್ತಕ್ಕೆ ಎರಡು ತಿಂಗಳಿತ್ತು. ಮನೆಗೆ ಬರುವ, ಮನೆಯಿಂದ ಹೋಗುವ ಇಂಗ್ಲಿಷ್ ಕಾಗದ ಪತ್ರಗಳೆಲ್ಲ ನನ್ನ ಪಾಲಿನ ಕೆಲಸ. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ತಂಗಿಯ ವರಾನ್ವೇಷಣೆಯ ಜಾಹೀರಾತು ಕೊಡಬೇಕೆಂದು ಅಪ್ಪ ನಿರ್ಧರಿಸಿ, ಒಂದು ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಬರೆಸತೊಡಗಿದರು. ಪದಕ್ಕೆ ಇಷ್ಟು ಎಂದು ದುಡ್ಡು. ಹಾಗಾಗಿ ಒಂದೊಂದು ಪದವನ್ನೂ ಎಣಿಸಿ ಬರೆಯಬೇಕಿತ್ತು. ವಯಸ್ಸು, ಎತ್ತರ, ಓದು, ಗೋತ್ರ ಎಲ್ಲ ಮುಗಿಯಿತು.

"ನೋಡೋದಕ್ಕೆ ಹೇಗಿದಾಳೆ ಅಂತ ಒಂದು ಮಾತು ಹಾಕಮ್ಮ" ಎಂದರು ಅಪ್ಪ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಬಡಕಲು ಅಂತ ಮಾತ್ರ ಹಾಕಬೇಡವೇ" ಎಂದಳು. ತಂಗಿ ನಕ್ಕಳು. ನಾನೂ ನಕ್ಕು "ಸ್ಲಿಮ್" ಎಂದು ಬರೆದೆ.

ಒಂದೇ ಪದ. ಖರ್ಚೂ ಕಡಿಮೆ. ಅಪ್ಪನಿಗೆ ಬಹಳ ಹಿಡಿಸಿತು. "ನೋಡು, ಇಂಗ್ಲಿಷ್ ಎಂ.ಎ. ಓದಿಸಿದ್ದಕ್ಕೂ ಸಾರ್ಥಕವಾಯ್ತು" ಎಂದರು. ಬಡಕಲು ಎಂಬ ಕೊರತೆಯನ್ನು ನಾನು ಕ್ಷಣದಲ್ಲಿ ಒಂದು ಅರ್ಹತೆಯನ್ನಾಗಿ ಮಾಡಿಬಿಟ್ಟಿದ್ದೆ. ಆ ಜಾಹೀರಾತಿನಿಂದಲೇ ಸಂಬಂಧವೂ ಕುದುರಿತು.

ಎರಡು ವರ್ಷದ ಮೇಲೆ ತಂಗಿ ಮೊದಲ ಬಸುರಿಗೆ ತವರಿಗೆ ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಆದರೂ ಇರಬೇಕು. ಅವಳಿಗೆ ಇದ್ದದ್ದು 6. ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಯಾವಾಗಿಂದ ಹೀಗಿದಾಳೆ ಇವಳು?" ಎಂದು ಕೇಳಿದರು. ಅಮ್ಮ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮಗು ಸಣ್ಣದಾಗಿ ಹುಟ್ಟಿತು, ಉಳಿಯಿತು. ತಂಗಿ ಚೇತರಿಸಿಕೊಳ್ಳುವುದಕ್ಕೆ ಒಂದು ವರ್ಷವೇ ಹಿಡಿಯಿತು.

ಅಲ್ಲಿಂದ ಮುಂದೆ ಇಂಗ್ಲಿಷಿನಲ್ಲಿ ತೆಳ್ಳಗಿರುವುದಕ್ಕೆ, ಕಡಿಮೆ ಇರುವುದಕ್ಕೆ ಏನೇನು ಪದಗಳಿವೆಯೋ ಅವುಗಳ ಮೇಲೆ ನನಗೊಂದು ಕಣ್ಣು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಈ ಪದಗಳು ನನಗೆ ಕಲಿಸಿದ್ದೇ ಹೆಚ್ಚು.

ಸೀರೆ ಅಂಗಡಿಯಲ್ಲಿ ಒಂದೇ ಹಸಿರು ಬಣ್ಣದ ಹತ್ತು ಸೀರೆ ಹರಡುತ್ತಾರಲ್ಲ, ಹಾಗೆ ಇವು. ದೂರದಿಂದ ಎಲ್ಲ ಒಂದೇ. ಮಡಿಲಿಗೆ ಹಾಕಿಕೊಂಡು ನೋಡಿದರೆ ಒಂದು ಮದುವೆಗೆ, ಒಂದು ಮನೆಗೆ, ಇನ್ನೊಂದು ಕೆಲಸದವಳಿಗೆ ಕೊಡುವುದಕ್ಕೆ. ಥಿನ್ ಎಂಬುದು ಇದ್ದದ್ದನ್ನು ಇದ್ದ ಹಾಗೆ ಹೇಳುವ ಪದ. ಸ್ಲಿಮ್, ಸ್ಲೆಂಡರ್ ಎಂದರೆ ಹೊಗಳಿಕೆ. ಕನ್ನಡದ ಬಳುಕುವ ಬಳ್ಳಿಯ ಜಾತಿ. ಲೀನ್ ಎಂದರೆ ಕೊಬ್ಬಿಲ್ಲದ ಗಟ್ಟಿ ಮೈ, ಓಟಗಾರನದು, ಕುದುರೆಯದು. ಸ್ಕಿನ್ನಿ ಎಂದರೆ ಬರೀ ಚರ್ಮ, ನಮ್ಮ ಸಣಕಲು. ಸ್ಕ್ರಾನಿ ಎಂದರೆ ಅದಕ್ಕೂ ಕೀಳು, ಪೀಚಲು. ಗಾಂಟ್ ಎಂದರೆ ಹಸಿವೋ ಕಾಯಿಲೆಯೋ ಚಿಂತೆಯೋ ತಿಂದು ಉಳಿಸಿದ ಮುಖ. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಇವರೆಲ್ಲ ಒಂದೇ ತೂಕ ಬಂದಾರು. ಬೇರೆಯಾಗುವುದು ನೋಡುವವರ ಕಣ್ಣು.

ಬರ್ಟ್ರಂಡ್ ರಸೆಲ್ 1948ರಲ್ಲಿ ಬಿಬಿಸಿ ರೇಡಿಯೋದ ಕಾರ್ಯಕ್ರಮವೊಂದರಲ್ಲಿ, ಒಂದೇ ಗುಣವನ್ನು ನಾನು, ನೀನು, ಅವನು ಎಂಬ ಮೂವರಿಗೆ ಮೂರು ಪದ ಬಳಸಿ ಹೇಳುವ ತಮಾಷೆಯನ್ನು ತೋರಿಸಿಕೊಟ್ಟಿದ್ದ. ನನಗೆ ಒಳ್ಳೆಯ ಪದ, ಎದುರಿಗಿರುವವಳಿಗೆ ಸುಮಾರಾದದ್ದು, ಇಲ್ಲದವಳಿಗೆ ಕೆಟ್ಟದ್ದು. ಅದನ್ನೇ ನಾನು ತರಗತಿಯಲ್ಲಿ ಹುಡುಗಿಯರಿಗೆ ಹೀಗೆ ಹೇಳಿಕೊಡುತ್ತಿದ್ದೆ: ನಾನು ಸ್ಲೆಂಡರ್, ನೀನು ಥಿನ್, ಅವಳು ಸ್ಕಿನ್ನಿ. ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆ ನಗುವಿನಲ್ಲೇ ಪಾಠ ಮುಗಿಯುತ್ತಿತ್ತು.

ಪದಗಳ ಹುಟ್ಟು ನೋಡಿದರೆ ಇನ್ನೂ ಸೋಜಿಗ. ಥಿನ್ ಎಂಬ ಪದಕ್ಕೂ ನಮ್ಮ ತನು ಎಂಬ ಪದಕ್ಕೂ ಬೇರು ಒಂದೇ. ಸಂಸ್ಕೃತದಲ್ಲಿ ತನು ಎಂದರೆ ಮೈ ಮಾತ್ರವಲ್ಲ, ತೆಳ್ಳಗಿನದು ಎಂದೂ ಅರ್ಥ. ಎಳೆ, ಹಿಗ್ಗಿಸು ಎನ್ನುವ ಮೂಲದಿಂದ ಬಂದದ್ದು. ತಂತು, ತಂತಿ ಎಲ್ಲ ಅದೇ ಮನೆತನ. ಎಳೆದು ಎಳೆದು ತೆಳುವಾದದ್ದು ಎಂದು ತಾತ್ಪರ್ಯ. ಇನ್ನು ನಾನು ಅಷ್ಟು ಹೆಮ್ಮೆಯಿಂದ ಬರೆದ ಸ್ಲಿಮ್? ಅದು ಹದಿನೇಳನೆಯ ಶತಮಾನದಲ್ಲಿ ಡಚ್ ಭಾಷೆಯಿಂದ ಇಂಗ್ಲಿಷಿಗೆ ಬಂತು. ಅಲ್ಲಿ ಅದರ ಹಳೆಯ ಅರ್ಥ ಸೊಟ್ಟ, ಕೆಟ್ಟದ್ದು ಎಂದು. ಜರ್ಮನ್ನಿನಲ್ಲಿ ಅದರ ದಾಯಾದಿ ಪದಕ್ಕೆ ಇವತ್ತಿಗೂ ಕೆಟ್ಟದ್ದು ಎಂಬುದೇ ಅರ್ಥ. ಒಂದು ಕಡೆ ಬೈಗುಳವಾದದ್ದು ಇನ್ನೊಂದು ಕಡೆ ಮದುವೆಯ ಜಾಹೀರಾತಿಗೆ ಯೋಗ್ಯವಾಯಿತು.

ಮೀಗರ್ ಎಂಬುದು ಇದಕ್ಕೆ ತದ್ವಿರುದ್ಧವಾಗಿ ನಡೆದ ಪದ. ಲ್ಯಾಟಿನ್ನಿನಲ್ಲಿ ತೆಳ್ಳಗಿನ, ಮಾಂಸವಿಲ್ಲದ ಮೈಗೆ ಇದ್ದ ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಮೊದಲು ಅದನ್ನು ಮನುಷ್ಯರಿಗೆ ಹೇಳುತ್ತಿದ್ದರು. ಆಮೇಲೆ ಊಟಕ್ಕೆ, ಸಂಬಳಕ್ಕೆ, ಫಸಲಿಗೆ ಹೇಳತೊಡಗಿದರು. ಈಗ ಮೈಗೆ ಹೇಳುವುದು ತೀರ ಅಪರೂಪ. ಮನುಷ್ಯನ ಪಕ್ಕೆಲುಬಿನಿಂದ ಪಾತ್ರೆಯ ತಳಕ್ಕೆ ಇಳಿದ ಪದ ಇದು. ನಮ್ಮ ಬಡಕಲು ಈ ಎರಡನ್ನೂ ಬಿಟ್ಟಿಲ್ಲ, ಗಮನಿಸಿದ್ದೀರಾ? ಅದರಲ್ಲಿ ಬಡತನವೂ ಇದೆ, ಮೈಯೂ ಇದೆ. ಯಾಕೆ ತೆಳ್ಳಗಿದ್ದಾಳೆ ಎಂಬುದನ್ನು ಪದವೇ ಹೇಳಿಬಿಡುತ್ತದೆ. ಅಮ್ಮನಿಗೆ ಅದು ಬೇಡವಾದದ್ದು ಅದಕ್ಕೇ ಇರಬೇಕು.

ಅಳತೆಯ ಪದಗಳಿಗೂ ಇದೇ ನ್ಯಾಯ. ಸಂಬಳ ಮೀಗರ್ ಎಂದರೆ ಪಡೆದವಳ ಮೇಲೆ ಕನಿಕರ. ಪಾಲ್ಟ್ರಿ ಎಂದರೆ ಕೊಟ್ಟವನ ಮೇಲೆ ಸಿಟ್ಟು. ಹರಕು ಚಿಂದಿ ಎಂಬ ಅರ್ಥದ ಪದದಿಂದ ಅದು ಬಂದಿರಬೇಕೆಂದು ನಿಘಂಟು ಮಾಡುವವರ ಊಹೆ. ಊಟ ಫ್ರೂಗಲ್ ಎಂದರೆ ಉಣ್ಣುವವಳು ತಾನಾಗಿ ಮಿತವಾಗಿ ಉಂಡಳು ಎಂದು. ಅದೇ ಊಟ ಮೀಗರ್ ಎಂದರೆ ಇದ್ದದ್ದೇ ಅಷ್ಟು ಎಂದು. ತಟ್ಟೆಯಲ್ಲಿ ಒಂದೇ ಅನ್ನ, ಒಂದೇ ತಿಳಿಸಾರು. ಒಂದು ಸ್ವಾರಸ್ಯವೆಂದರೆ ಸ್ಲಿಮ್, ಸ್ಲೆಂಡರ್ ಎಂಬ ಅವೇ ಹೊಗಳಿಕೆಯ ಪದಗಳನ್ನು ಆದಾಯಕ್ಕೋ ಅವಕಾಶಕ್ಕೋ ಅಂಟಿಸಿ ನೋಡಿ. ಸ್ಲೆಂಡರ್ ಆದಾಯ ಎಂದರೆ ಜೀವನ ಸಾಗಿಸುವುದೇ ಕಷ್ಟ. ಸ್ಲಿಮ್ ಚಾನ್ಸ್ ಎಂದರೆ ಆಸೆ ಬಿಡು ಎಂದು. ಹೆಣ್ಣಿನ ಮೈಗೆ ಚೆಂದವಾದದ್ದು ಹೆಣ್ಣಿನ ಪರ್ಸಿಗೆ ಸಂಕಟ.

ಇವೆಲ್ಲಕ್ಕಿಂತ ಹುಡುಗಿಯರಿಗೆ ಕಷ್ಟವಾಗುತ್ತಿದ್ದದ್ದು ಲಿಟಲ್ ಮತ್ತು ಎ ಲಿಟಲ್, ಫ್ಯೂ ಮತ್ತು ಎ ಫ್ಯೂ. ಅಡುಗೆಮನೆಗೇ ಕರೆದುಕೊಂಡು ಹೋಗದೆ ಇದು ಅರ್ಥವಾಗುವುದಿಲ್ಲ. ನೆಂಟರು ಬಂದರು. ಪಾತ್ರೆಯಲ್ಲಿ ಅರ್ಧ ಲೋಟ ಹಾಲಿದೆ. "ಸ್ವಲ್ಪ ಇದೆ, ಕಾಫಿಗೆ ಆಗುತ್ತೆ" ಎನ್ನುವವಳು ಎ ಲಿಟಲ್. "ಎಲ್ಲಿದೆ ಹಾಲು, ಸ್ವಲ್ಪವೇ ಇರೋದು" ಎಂದು ಹಣೆ ಚಚ್ಚಿಕೊಳ್ಳುವವಳು ಲಿಟಲ್. ಹಾಲು ಒಂದು ಹನಿಯೂ ಹೆಚ್ಚು ಕಡಿಮೆಯಾಗಲಿಲ್ಲ. ಒಂದು ಸಣ್ಣ 'ಎ' ಸೇರಿತು ಅಥವಾ ಬಿಟ್ಟುಹೋಯಿತು. ಸಾಕು ಎನ್ನುವುದೂ ಸಾಲದು ಎನ್ನುವುದೂ ಆ ಒಂದಕ್ಷರದಲ್ಲಿದೆ.

ಈ ಸಾಕು ಸಾಲದುಗಳ ಲೆಕ್ಕವನ್ನು ಇಂಗ್ಲಿಷಿನಲ್ಲಿ ಜೇನ್ ಆಸ್ಟೆನ್ ಬರೆದಷ್ಟು ಚೊಕ್ಕವಾಗಿ ಇನ್ನೊಬ್ಬರು ಬರೆದದ್ದನ್ನು ನಾನು ಓದಿಲ್ಲ. ಅವಳ ಮೊದಲ ಕಾದಂಬರಿ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' 1811ರಲ್ಲಿ ಅಚ್ಚಾಯಿತು. ಅದರ ಮೇಲೆ ಅವಳ ಹೆಸರೂ ಇರಲಿಲ್ಲ, ಒಬ್ಬ ಮಹಿಳೆ ಬರೆದದ್ದು ಎಂದಷ್ಟೇ ಇತ್ತು. ಅದರ ಎರಡನೆಯ ಅಧ್ಯಾಯವನ್ನು ನಾನು ಪ್ರತಿ ವರ್ಷ ಓದಿ ಹೇಳುತ್ತಿದ್ದೆ. ತಂದೆ ಸಾಯುವಾಗ ಮೊದಲ ಹೆಂಡತಿಯ ಮಗ ಜಾನ್ ಡ್ಯಾಶ್‌ವುಡ್‌ನನ್ನು ಕರೆದು, ಮಲತಾಯಿಯನ್ನೂ ಮೂವರು ತಂಗಿಯರನ್ನೂ ನೋಡಿಕೋ ಎಂದು ಮಾತು ತೆಗೆದುಕೊಂಡಿರುತ್ತಾನೆ. ಮಗ ತಲೆಗೆ ಸಾವಿರದಂತೆ ಮೂರು ಸಾವಿರ ಪೌಂಡ್ ಕೊಡೋಣ ಎಂದುಕೊಳ್ಳುತ್ತಾನೆ. ಹೆಂಡತಿ ಫ್ಯಾನಿ ಪಕ್ಕದಲ್ಲಿ ಕೂತು ಮಾತು ಶುರು ಮಾಡುತ್ತಾಳೆ. ನಮ್ಮ ಮಗುವಿನ ಪಾಲನ್ನು ಕಿತ್ತು ಕೊಡುವುದೇ ಎನ್ನುತ್ತಾಳೆ. ಮೂರು ಸಾವಿರ ಅರ್ಧವಾಗುತ್ತದೆ. ಅದರ ಬದಲು ತಾಯಿಗೆ ವರ್ಷಕ್ಕೆ ನೂರು ಕೊಟ್ಟರೆ ಹೇಗೆ ಎಂಬಲ್ಲಿಗೆ ಬರುತ್ತದೆ. ವರ್ಷ ವರ್ಷ ಕೊಡುವುದೆಂದರೆ ಅವರು ಸಾಯುವುದೇ ಇಲ್ಲ ಎಂದು ಫ್ಯಾನಿಯ ಆತಂಕ. ಹಾಗಾದರೆ ಆಗೊಮ್ಮೆ ಈಗೊಮ್ಮೆ ಐವತ್ತು. ಕೊನೆಗೆ ದುಡ್ಡೇ ಬೇಡ. ಮನೆ ಹುಡುಕಿಕೊಡುವುದು, ಸಾಮಾನು ಸಾಗಿಸಲು ಸಹಾಯ, ಕಾಲಕಾಲಕ್ಕೆ ಒಂದಿಷ್ಟು ಮೀನು, ಬೇಟೆಯ ಮಾಂಸ. ಅಷ್ಟು ಸಾಕು.

ಈ ಅಧ್ಯಾಯದಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಬೈಯುವುದಿಲ್ಲ. ಫ್ಯಾನಿ ಹೇಳುವುದು ಒಂದೇ: ನಾಲ್ವರು ಹೆಂಗಸರಿಗೆ ವರ್ಷಕ್ಕೆ ಐನೂರು ಪೌಂಡ್ ಬರುತ್ತದಲ್ಲ, ಅವರಿಗೆ ಖರ್ಚಾದರೂ ಏನಿದೆ? ಗಾಡಿಯಿಲ್ಲ, ಕುದುರೆಯಿಲ್ಲ, ಬರುವವರು ಹೋಗುವವರಿಲ್ಲ. ಅಂದರೆ ಅವರ ಲಿಟಲ್ ಅನ್ನು ಅವಳು ಎ ಲಿಟಲ್ ಮಾಡಿ ತೋರಿಸುತ್ತಾಳೆ. ಅಷ್ಟೆಲ್ಲ ಉಳಿಸಿಕೊಂಡ ಮೇಲೂ, ಅತ್ತೆಯ ಪಾಲಿಗೆ ಹೋದ ಪಿಂಗಾಣಿ ಪಾತ್ರೆಗಳು ತನ್ನ ಮನೆಯವಕ್ಕಿಂತ ಚೆನ್ನಾಗಿವೆಯೆಂದು ಅವಳಿಗೆ ಹೊಟ್ಟೆಯುರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸುಳ್ಳಲ್ಲ. ಆದರೆ ಹಾಸಿಗೆಯನ್ನು ಕತ್ತರಿಸಿದವರೇ ಬಂದು ಆ ಗಾದೆ ಹೇಳಿದರೆ?

ಫ್ಯಾನಿಯ ಪಕ್ಕದಲ್ಲಿ ಇನ್ನೊಂದು ಪುಸ್ತಕದ ಹೆಂಗಸರನ್ನು ಇಟ್ಟು ನೋಡಬೇಕು. ಎಲಿಜಬೆತ್ ಗ್ಯಾಸ್ಕೆಲ್ ಬರೆದ 'ಕ್ರ್ಯಾನ್‌ಫರ್ಡ್' 1851ರಿಂದ 1853ರವರೆಗೆ ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಬಿಡಿ ಬಿಡಿಯಾಗಿ ಬಂತು. ಒಂದು ಸಣ್ಣ ಊರು. ವಿಧವೆಯರು, ಮದುವೆಯಾಗದೆ ಉಳಿದವರು. ಎಲ್ಲರಿಗೂ ಒಳ್ಳೆಯ ಮನೆತನ, ಕೈಯಲ್ಲಿ ಕಾಸಿಲ್ಲ. ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಅವರ ಮಿತವ್ಯಯಕ್ಕೆ ಎಲಿಗೆಂಟ್ ಎಂಬ ವಿಶೇಷಣ. ಸಂಜೆಯ ಕೂಟದಲ್ಲಿ ಕಾಗದದಷ್ಟು ತೆಳ್ಳಗೆ ಕೊಯ್ದ ಬ್ರೆಡ್ಡು. ದುಬಾರಿಯದನ್ನು ಬಡಿಸುವುದು ಒರಟುತನವಂತೆ. ಒಬ್ಬಾಕೆ ಅತಿಥಿಗಳ ನಡುವೆ ಕೂತು, ಒಳಗಿನಿಂದ ಏನು ತಿಂಡಿ ಬರುತ್ತದೋ ತನಗೆ ಗೊತ್ತೇ ಇಲ್ಲ ಎಂಬಂತೆ ಇರುತ್ತಾಳೆ. ಬೆಳಗಿನಿಂದ ಅವಳೇ ಅದನ್ನು ಮಾಡಿದ್ದೆಂದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತೆಂದು ಅವಳಿಗೂ ಗೊತ್ತು. ಓದುತ್ತಿದ್ದರೆ ನಮ್ಮ ಓಣಿಯ ಹೆಂಗಸರೇ ಕಣ್ಣ ಮುಂದೆ ಬರುತ್ತಾರೆ. "ನಮ್ಮ ಮನೇಲಿ ಯಾರೂ ಸಿಹಿ ಅಷ್ಟು ತಿನ್ನೋದಿಲ್ಲ" ಎನ್ನುವ ಮಾತಿಗೆ ಹಿಂದೆ ಸಕ್ಕರೆ ಡಬ್ಬಿ ಖಾಲಿ ಇರುತ್ತಿತ್ತಲ್ಲ.

ಹಾಗೆಂದು ಗ್ಯಾಸ್ಕೆಲ್ ಇವರನ್ನು ಹಾಸ್ಯ ಮಾಡಿ ಬಿಡುವುದಿಲ್ಲ. ಬ್ಯಾಂಕು ಮುಳುಗಿ ಮಿಸ್ ಮ್ಯಾಟಿಯ ಹಣ ಹೋದಾಗ ಗೆಳತಿಯರು ಗುಟ್ಟಾಗಿ ಸೇರಿ, ತಮ್ಮಿಂದ ವರ್ಷಕ್ಕೆ ಎಷ್ಟಾಗುತ್ತದೋ ಅಷ್ಟನ್ನು ಒಂದೊಂದು ಚೀಟಿಯಲ್ಲಿ ಬರೆದು ಮುಚ್ಚಿ ಕೊಡುತ್ತಾರೆ. ಯಾರದು ಹೆಚ್ಚು ಯಾರದು ಕಡಿಮೆ ಎಂದು ಗೊತ್ತಾಗಬಾರದಲ್ಲ. ಮಿಸೆಸ್ ಫಾರೆಸ್ಟರ್ ಎಂಬ ವಿಧವೆಗೆ ವರ್ಷಕ್ಕೆ ನೂರು ಪೌಂಡೂ ಆದಾಯವಿಲ್ಲ. ಅದರಲ್ಲಿ ಇಪ್ಪತ್ತನೆಯ ಒಂದು ಪಾಲಿಗಿಂತ ಹೆಚ್ಚು ಕೊಡುತ್ತಾಳೆ. ಕೊಟ್ಟದ್ದು ಕಡಿಮೆಯಾಯಿತೆಂದು ನಾಚಿಕೊಳ್ಳುತ್ತಾಳೆ. ಫ್ಯಾನಿ ನೂರು ಪೌಂಡನ್ನು ದೊಡ್ಡದೆಂದು ಅತ್ತವಳು. ಈಕೆ ಐದು ಪೌಂಡನ್ನು ಚಿಕ್ಕದೆಂದು ಅತ್ತವಳು. ಮೀಗರ್ ಎಂಬ ಪದ ಇಬ್ಬರಲ್ಲಿ ಯಾರ ಕಾಣಿಕೆಗೆ ಸಲ್ಲಬೇಕು ಎಂದು ಪರೀಕ್ಷೆಯಲ್ಲಿ ಒಮ್ಮೆ ಕೇಳಿದ್ದೆ. ಹುಡುಗಿಯರು ತಪ್ಪಿಲ್ಲದೆ ಬರೆದಿದ್ದರು.

ಕ್ರ್ಯಾನ್‌ಫರ್ಡಿನ ಹೆಂಗಸರು ತಮ್ಮ ಕೊರತೆಗೆ ತಾವೇ ಚೆಂದದ ಹೆಸರಿಟ್ಟುಕೊಂಡವರು. ಅದು ಅವರ ಮಾನದ ಪ್ರಶ್ನೆ. ಆದರೆ ಒಬ್ಬರ ಕೊರತೆಗೆ ಇನ್ನೊಬ್ಬರು ಚೆಂದದ ಹೆಸರಿಟ್ಟಾಗ ಅದು ಬೇರೆಯೇ ಆಗುತ್ತದೆ. ಷಾರ್ಲೆಟ್ ಬ್ರಾಂಟೆಯ 'ಜೇನ್ ಐರ್' 1847ರದು. ಅದರಲ್ಲಿ ಬರುವ ಲೋವುಡ್ ಶಾಲೆಯಲ್ಲಿ ಅನಾಥ ಹುಡುಗಿಯರಿಗೆ ಒಂದು ದಿನ ಬೆಳಿಗ್ಗೆ ಸೀದುಹೋದ ಗಂಜಿ ಬಡಿಸುತ್ತಾರೆ. ತಿನ್ನಲಾಗುವುದಿಲ್ಲ. ಮೇಷ್ಟ್ರಮ್ಮ ಮನಸ್ಸು ತಡೆಯದೆ ಬ್ರೆಡ್ಡು, ಗಿಣ್ಣು ಕೊಡಿಸುತ್ತಾಳೆ. ಶಾಲೆಯ ಯಜಮಾನ ಬ್ರಾಕಲ್‌ಹರ್ಸ್ಟ್ ಬಂದು ಅದಕ್ಕೆ ಆಕ್ಷೇಪಿಸುತ್ತಾನೆ. ಅವನ ಪ್ರಕಾರ ಆ ಹಸಿವಿನ ಹೆಸರು ಹಸಿವಲ್ಲ. ಸಂಯಮ, ಸಹನೆ, ಆತ್ಮದ ಉದ್ಧಾರ. ಹುಡುಗಿಯರ ಗುಂಗುರು ಕೂದಲನ್ನೂ ಕತ್ತರಿಸಬೇಕೆಂದು ಅವನು ಉಪದೇಶ ಮಾಡುತ್ತಿರುವಾಗಲೇ ಅವನ ಹೆಂಡತಿ ಮಕ್ಕಳು ರೇಷ್ಮೆ, ಮಖಮಲ್ಲು, ತುಪ್ಪಳದ ಉಡುಪು ತೊಟ್ಟು ಒಳಗೆ ಬರುತ್ತಾರೆ. ಆಮೇಲೆ ಶಾಲೆಗೆ ವಿಷಮ ಜ್ವರ ಹೊಕ್ಕುತ್ತದೆ. ಎಂಬತ್ತು ಹುಡುಗಿಯರಲ್ಲಿ ನಲವತ್ತೈದು ಜನ ಹಾಸಿಗೆ ಹಿಡಿಯುತ್ತಾರೆ. ಅರೆಹೊಟ್ಟೆಯಲ್ಲಿದ್ದ ಮೈಗಳಿಗೆ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಬ್ರಾಂಟೆಗೆ ಇದು ಕಟ್ಟುಕತೆಯಲ್ಲ. ಅವಳ ಇಬ್ಬರು ಅಕ್ಕಂದಿರು, ಮರಿಯಾ ಮತ್ತು ಎಲಿಜಬೆತ್, ಅಂಥದೇ ಶಾಲೆಯಿಂದ ಕಾಯಿಲೆಯಾಗಿ ಮನೆಗೆ ಬಂದು 1825ರಲ್ಲಿ ಕ್ಷಯದಿಂದ ತೀರಿಕೊಂಡರು. ಒಬ್ಬಳಿಗೆ 11 ವರ್ಷ, ಇನ್ನೊಬ್ಬಳಿಗೆ 10. ಷಾರ್ಲೆಟ್ ಇಪ್ಪತ್ತೆರಡು ವರ್ಷದ ಮೇಲೆ ಆ ಹಸಿವನ್ನು ಅದರ ನಿಜವಾದ ಹೆಸರಿನಿಂದ ಕರೆದಳು. ಆ ಕಾದಂಬರಿಯ ಪ್ರೇಮಕತೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಆ ಸೀದ ಗಂಜಿಯ ಅಧ್ಯಾಯವೇ ದೊಡ್ಡದು. ಅದನ್ನು ಓದುವಾಗಲೆಲ್ಲ ನಾನು ಬ್ರಾಕಲ್‌ಹರ್ಸ್ಟ್‌ನ ಪಕ್ಕದ ಕುರ್ಚಿಯಲ್ಲಿ ಕೂತಿರುವ ಹಾಗೆ ಅನ್ನಿಸುತ್ತದೆ. ಇಲ್ಲದ ಊಟಕ್ಕೆ ಒಳ್ಳೆಯ ಹೆಸರು ಹುಡುಕಿಕೊಟ್ಟವಳು ನಾನೂ ತಾನೆ?

ನಮ್ಮ ಮನೆಯಲ್ಲಿ ಅನ್ನಕ್ಕೆ ಬರವಿರಲಿಲ್ಲ ಎಂದು ನಾನು ಬಹಳ ವರ್ಷ ಹೇಳಿಕೊಳ್ಳುತ್ತಿದ್ದೆ. ನಿಜ, ಬರವಿರಲಿಲ್ಲ. ಆದರೆ ಪಂಕ್ತಿ ಇತ್ತು. ಮೊದಲು ಅಪ್ಪ, ಅಣ್ಣ. ಕಾಲೇಜಿಗೆ ಹೊತ್ತಾಗುತ್ತದೆಂದು ಅವರ ಜೊತೆ ನಾನು. ಆಮೇಲೆ ಬಂದು ಹೋಗುವವರು. ಕೊನೆಗೆ ಅಮ್ಮ, ತಂಗಿ. ಅವರ ಹೊತ್ತಿಗೆ ಪಲ್ಯ ಮುಗಿದಿರುತ್ತಿತ್ತು. ಹುಳಿಯಲ್ಲಿ ಹೋಳು ಇರುತ್ತಿರಲಿಲ್ಲ, ಬರೀ ತಿಳಿ. ಮೊಸರಿಗೆ ನೀರು ಸೇರುತ್ತಿತ್ತು. ತಂಗಿ ಪಿಯುಸಿಗೆ ಓದು ನಿಲ್ಲಿಸಿ ಅಮ್ಮನ ಕೈಗೆ ಸಹಾಯಕ್ಕೆ ನಿಂತವಳು. ನನ್ನ ಬಟ್ಟಲಿನ ಮೊಸರು ಗಟ್ಟಿಯಾಗಿದ್ದದ್ದಕ್ಕೂ ಅವಳ ಹಿಮೋಗ್ಲೋಬಿನ್ 6 ಆದದ್ದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ.

ಪದ ಹೀಗೆ ಕಣ್ಣು ಮುಚ್ಚಿಸುತ್ತದೆ. ಒಮ್ಮೊಮ್ಮೆ ಕಣ್ಣು ತೆರೆಸುವುದೂ ಉಂಟು. 1980ರ ದಶಕದಲ್ಲಿ ಆಫ್ರಿಕಾದ ಉಗಾಂಡದಲ್ಲಿ ಜನ ಸೊರಗಿ ಸೊರಗಿ ಸಾಯತೊಡಗಿದಾಗ ಅಲ್ಲಿನವರು ಆ ಕಾಯಿಲೆಗೆ ಸ್ಲಿಮ್ ಎಂದೇ ಹೆಸರಿಟ್ಟರು. 1985ರಲ್ಲಿ ಅದೇ ಹೆಸರಿನಿಂದ ಅದು ವೈದ್ಯರ ಪತ್ರಿಕೆಯಲ್ಲೂ ವರದಿಯಾಯಿತು. ಏಡ್ಸ್ ಅದು. ನಾನು ಜಾಹೀರಾತು ಬರೆದ ಮರುವರ್ಷ. ಒಂದು ಊರಿನಲ್ಲಿ ಹೆಣ್ಣಿಗೆ ಗಂಡು ತಂದ ಪದ ಇನ್ನೊಂದು ಊರಿನಲ್ಲಿ ಸಾವಿನ ಹೆಸರು. ಅಲ್ಲಿನವರ ಕೈಯಲ್ಲಿ ಆ ಪದ ತನ್ನ ಹಳೆಯ ಕೆಟ್ಟದ್ದು ಎಂಬ ಅರ್ಥಕ್ಕೆ ವಾಪಸು ಹೋದಂತಾಯಿತು.

ನಮ್ಮ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಇಂಗ್ಲಿಷ್ ವರದಿಗಳಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಹೆಂಗಸರಿಗೆ ಬಳಸಿರುವ ಪದ ಥಿನ್. 2019–21ರ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅಂಥವರು ನೂರಕ್ಕೆ 18.7. ಅದರ ಹಿಂದಿನ ಸಮೀಕ್ಷೆಯಲ್ಲಿ 22.9 ಇತ್ತು, ಇಳಿದಿದೆ, ಸಂತೋಷ. ಆದರೂ ಐವರಲ್ಲಿ ಒಬ್ಬಳು ಹತ್ತಿರ ಹತ್ತಿರ ಆಯಿತು. ಆ ಕೋಷ್ಟಕದಲ್ಲಿ ಸ್ಲಿಮ್ ಎಂಬ ಪದವಿಲ್ಲ, ಸ್ಲೆಂಡರ್ ಇಲ್ಲ. ಆ ಒಣ ಕೋಷ್ಟಕಕ್ಕೆ ನಾನು ಕೈ ಮುಗಿಯುತ್ತೇನೆ. ಅದು ಯಾರನ್ನೂ ಮೆಚ್ಚಿಸಲು ಹೊರಟಿಲ್ಲ.

ತೆಳ್ಳಗಿರಬೇಕೆಂದು ಬೆಳಿಗ್ಗೆ ನಡೆಯುವ, ರಾತ್ರಿ ಅನ್ನ ಬಿಡುವ ಹುಡುಗಿಯರನ್ನು ನಾನು ಹಳಿಯುತ್ತಿಲ್ಲ. ಪಾತ್ರೆಯಲ್ಲಿ ಇದ್ದೂ ಬೇಡವೆಂದವಳಿಗೆ ಸ್ಲಿಮ್ ಎಂಬ ಪದ ಸಲ್ಲುತ್ತದೆ, ಅವಳೇ ಆರಿಸಿಕೊಂಡದ್ದು. ಪಾತ್ರೆಯ ತಳ ಕೆರೆದು ಉಂಡವಳಿಗೆ ಸಲ್ಲುವುದಿಲ್ಲ. ಇಂಗ್ಲಿಷಿನ ಇಷ್ಟೊಂದು ಪದಗಳ ನಡುವೆ ಆರಿಸುವಾಗ ನಿಘಂಟು ನೋಡಿದರೆ ಸಾಲದು. ಸೌಟು ಯಾರ ಕೈಯಲ್ಲಿತ್ತು, ಆಕೆ ಎಷ್ಟನೆಯ ಪಂಕ್ತಿಯಲ್ಲಿ ಕೂತಿದ್ದಳು ಎಂದೂ ಕೇಳಬೇಕು. ನನ್ನ ಹುಡುಗಿಯರಿಗೆ ಕೊನೆಕೊನೆಗೆ ನಾನು ಹೇಳಿಕೊಟ್ಟ ವ್ಯಾಕರಣ ಇಷ್ಟೇ.

ಹೋದ ವರ್ಷ ತಂಗಿಯ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಈ ಹಳೆಯ ಮಾತು ತೆಗೆದೆ. ಅವತ್ತು ನಾನು ಹಾಗೆ ಬರೆಯಬಾರದಿತ್ತು ಎಂದೆ. ಅವಳಿಗೀಗ ಅರವತ್ತರ ಮೇಲೆ. ಮೈ ತುಂಬಿಕೊಂಡಿದ್ದಾಳೆ, ಮಂಡಿ ನೋವು ಎನ್ನುತ್ತಾಳೆ.

"ಬಿಡೇ ಅಕ್ಕ, ನೀನು ಬರೆದದ್ದಕ್ಕೆ ನಂಗೆ ಆವತ್ತು ಖುಷಿಯೇ ಆಗಿತ್ತು. ನನ್ನ ಬಗ್ಗೆ ಒಳ್ಳೇದು ಅಂತ ಯಾರಾದ್ರೂ ಬರೆದದ್ದು ಅದೊಂದೇ" ಎಂದಳು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ಅವಳ ಸೊಸೆ ಒಳಗೆ ಬಂದು ಬಾಣಂತಿಯ ಊಟಕ್ಕೆ ತಟ್ಟೆ ತೆಗೆದಳು. ಹೊರಗೆ ಗಂಡಸರ ಎಲೆ ಇನ್ನೂ ಹಾಕಿರಲಿಲ್ಲ. ತಂಗಿ ಎದ್ದು, ಒಲೆಯ ಮೇಲಿದ್ದ ತೊವ್ವೆಯನ್ನು ತಳದಿಂದ ತಿರುವಿ, ಗಟ್ಟಿಯಾದದ್ದನ್ನು ಮೊದಲ ಸೌಟಿನಲ್ಲೇ ಆ ತಟ್ಟೆಗೆ ಬಡಿಸಿದಳು.